ಕ್ಯಾರೆಟ್ ಬಿತ್ತುವ ಮುಂಚೆ: ನಿಮ್ಮ ತಿಂಗಳಿಗೆ, ಮಣ್ಣಿಗೆ, ಗಿರಾಕಿಗೆ ಹೊಂದುವ ತಳಿ ಯಾವುದು?

"ಕ್ಯಾರೆಟ್‌ನಲ್ಲಿ ಒಳ್ಳೆ ತಳಿ ಯಾವುದು ಹೇಳಿ" ಎಂದು ಕೇಳುವವರಲ್ಲಿ ಎರಡು ಥರದವರಿದ್ದಾರೆ. ಒಬ್ಬರು ತಾರಸಿಯಲ್ಲಿ ನಾಲ್ಕು ಗ್ರೋಬ್ಯಾಗ್ ಇಟ್ಟುಕೊಂಡವರು. ಇನ್ನೊಬ್ಬರು ಮಾಲೂರು, ಚಿಕ್ಕಬಳ್ಳಾಪುರ, ಹಾಸನದ ಕಡೆ ಅರ್ಧ ಎಕರೆಯೋ ಒಂದು ಎಕರೆಯೋ ಹಾಕಿ ಮಂಡಿಗೆ ಕಳಿಸುವವರು. ಇಬ್ಬರಿಗೂ ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಯಾವ ತಿಂಗಳು ಬಿತ್ತುತ್ತೀರಿ? ನಿಮ್ಮ ನೆಲ ಎಷ್ಟು ಆಳದವರೆಗೆ ಸಡಿಲ ಇದೆ? ತಿನ್ನುವವರು ಯಾರು?

ಈ ಮೂರಕ್ಕೆ ಉತ್ತರ ಸಿಗದೆ ತಳಿಯ ಹೆಸರು ಹೇಳಿದರೆ ಪ್ರಯೋಜನವಿಲ್ಲ. ಪ್ಯಾಕೆಟ್ ಮೇಲಿನ ಚಿತ್ರ ಎಲ್ಲ ತಳಿಯಲ್ಲೂ ಚೆನ್ನಾಗಿಯೇ ಇರುತ್ತದೆ. ಅದು ನಮ್ಮ ಮಣ್ಣಿನಲ್ಲಿ ತೆಗೆದ ಚಿತ್ರ ಅಲ್ಲ, ಅಷ್ಟೇ.

ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು ಹೆಚ್ಚೇನಿಲ್ಲ. ಒಂದು ಹಾರೆ ಅಥವಾ ಗುದ್ದಲಿ, ಮುಚ್ಚಳ ಇರುವ ಒಂದು ಗಾಜಿನ ಬಾಟಲಿ, ಕ್ಯಾಲೆಂಡರ್, ಒಂದು ಹಳೆ ನೋಟ್‌ಬುಕ್. ಬೀಜ ಕೊನೆಗೆ ತನ್ನಿ. ಬೀಜ ತಂದ ಮೇಲೆ ಮಣ್ಣು ನೋಡುವುದು ಉಲ್ಟಾ ಕೆಲಸ.

1. ಮೊದಲು ಕ್ಯಾಲೆಂಡರ್ ನೋಡಿ

ಕ್ಯಾರೆಟ್ ತಂಪು ಬೇಡುವ ಬೆಳೆ. ಗೆಡ್ಡೆ ತುಂಬುವ ಹೊತ್ತಿನಲ್ಲಿ 15ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಬಣ್ಣ, ರುಚಿ, ಆಕಾರ ಮೂರೂ ಚೆನ್ನಾಗಿ ಕೂಡಿ ಬರುತ್ತವೆ. ಸೆಕೆ 28 ಡಿಗ್ರಿ ದಾಟಿ ಹಾಗೇ ನಿಂತರೆ ಗೆಡ್ಡೆ ಗಿಡ್ಡವಾಗುತ್ತದೆ, ಬಣ್ಣ ಮಂಕಾಗುತ್ತದೆ, ಸಿಹಿ ಕಡಿಮೆಯಾಗಿ ಒಂದು ಥರ ಘಾಟು ಬರುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಬಿತ್ತುವ ತಿಂಗಳ ಹವೆ ನೋಡುತ್ತಾರೆ, ಗೆಡ್ಡೆ ತುಂಬುವ ತಿಂಗಳ ಹವೆ ನೋಡುವುದಿಲ್ಲ. ಹೆಚ್ಚಿನ ತಳಿಗಳು 90ರಿಂದ 110 ದಿನದ ಬೆಳೆ. ಮೊದಲ ಒಂದೂವರೆ ತಿಂಗಳು ಎಲೆ ಬೆಳೆಸುವುದರಲ್ಲೇ ಕಳೆಯುತ್ತದೆ. ದಪ್ಪ ಆಗುವುದು, ಬಣ್ಣ ಏರುವುದು ಆಮೇಲೆ. ಜನವರಿ ಕೊನೆಯಲ್ಲಿ ಚಳಿ ಇದೆ ಎಂದು ಬಿತ್ತಿದರೆ ಗೆಡ್ಡೆ ತುಂಬುವುದು ಮಾರ್ಚ್–ಏಪ್ರಿಲ್ ಬಿಸಿಲಲ್ಲಿ. ಬೀಜ ಎಷ್ಟೇ ಒಳ್ಳೆಯದಾಗಿರಲಿ, ಗೆಡ್ಡೆ ಮಂಕಾಗಿಯೇ ಬರುತ್ತದೆ. ಹಾಗಾಗಿ ಬಿತ್ತುವ ತಾರೀಕಿನಿಂದ ಎರಡು, ಮೂರು ತಿಂಗಳು ಮುಂದೆ ಎಣಿಸಿ, ಆ ತಿಂಗಳು ನಿಮ್ಮೂರಲ್ಲಿ ಹೇಗಿರುತ್ತದೆ ನೋಡಿಕೊಳ್ಳಿ.

ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರದವರ ಅದೃಷ್ಟ ಚೆನ್ನಾಗಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ತಳಿ ಬದಲಾಯಿಸಿಕೊಂಡು ವರ್ಷದ ಹೆಚ್ಚಿನ ಭಾಗ ಬೆಳೆಯಬಹುದು. ಆಗಸ್ಟ್‌ನಿಂದ ನವೆಂಬರ್ ಒಳಗೆ ಬಿತ್ತಿದ್ದು ಹೆಚ್ಚು ನೆಮ್ಮದಿ ಕೊಡುತ್ತದೆ. ಮಲೆನಾಡಿನಲ್ಲಿ ಮಳೆ ಪೂರ್ತಿ ಕಡಿಮೆಯಾಗುವವರೆಗೆ ತಾಳಿ. ನೀರು ನಿಂತ ಮಡಿಯಲ್ಲಿ ಬೀಜ ಕೊಳೆಯುತ್ತದೆ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಕಿತ್ತಳೆ ತಳಿಗೆ ಅಕ್ಟೋಬರ್‌ನಿಂದ ನವೆಂಬರ್ ಮಧ್ಯದವರೆಗೆ ಒಳ್ಳೆ ಸಮಯ. ಕೆಂಪು ಗಜ್ಜರಿಯನ್ನು ಸೆಪ್ಟೆಂಬರ್‌ನಲ್ಲೇ ಹಾಕಬಹುದು. ಕರಾವಳಿಯವರಿಗೆ ನಿಜ ಹೇಳಬೇಕೆಂದರೆ ಇದು ಸುಲಭದ ಬೆಳೆ ಅಲ್ಲ. ನವೆಂಬರ್ ಶುರುವಿನಲ್ಲಿ ಸೆಕೆ ತಾಳುವ ತಳಿಯನ್ನು ಸ್ವಲ್ಪ ಹಾಕಿ ನೋಡಿ. ಮಾರುವ ಲೆಕ್ಕದಲ್ಲಿ ಹಾಕಬೇಡಿ.

2. ಆಮೇಲೆ ನೆಲ ಅಗೆದು ನೋಡಿ

ಕ್ಯಾರೆಟ್‌ನ ಉದ್ದವನ್ನು ಅರ್ಧ ತಳಿ ತೀರ್ಮಾನಿಸುತ್ತದೆ, ಇನ್ನರ್ಧ ಮಣ್ಣು. ಜಾಗದ ಮೂರು ನಾಲ್ಕು ಕಡೆ ಒಂದೊಂದು ಅಡಿ ಗುಂಡಿ ತೆಗೆಯಿರಿ. ಹಾರೆ ಎಷ್ಟು ಆಳದವರೆಗೆ ಸಲೀಸಾಗಿ ಇಳಿಯುತ್ತದೆ, ಎಲ್ಲಿ ಗಟ್ಟಿ ಪದರ ತಗಲುತ್ತದೆ, ಕಲ್ಲು, ಗರಸು ಎಷ್ಟಿದೆ ಎಂದು ಬರೆದಿಟ್ಟುಕೊಳ್ಳಿ. ಟ್ರ್ಯಾಕ್ಟರ್ ಓಡಾಡಿದ ಹೊಲದಲ್ಲಿ ಮೇಲೆ ಮೆತ್ತಗಿದ್ದು ಆರು ಇಂಚು ಕೆಳಗೆ ಕಲ್ಲಿನ ಹಾಗೆ ಆಗಿರುವುದು ಸಾಮಾನ್ಯ.

ಮುಂದೆ ಬಾಟಲಿ. ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು ತುಂಬಿ ಚೆನ್ನಾಗಿ ಅಲ್ಲಾಡಿಸಿ ಇಡಿ. ಮರಳು ಒಂದೆರಡು ನಿಮಿಷದಲ್ಲೇ ತಳಕ್ಕೆ ಕೂರುತ್ತದೆ. ನುಣುಪಾದ ಜೇಡಿ ಕೂರಲು ಒಂದು ದಿನವೇ ಬೇಕು. ಮಾರನೇ ದಿನ ಪದರಗಳನ್ನು ನೋಡಿದರೆ ನಿಮ್ಮದು ಮರಳು ಮಿಶ್ರಿತ ಗೋಡು ಮಣ್ಣೋ, ಬರೀ ಜೇಡಿಯೋ ಗೊತ್ತಾಗುತ್ತದೆ. ಕ್ಯಾರೆಟ್‌ಗೆ ಹೇಳಿ ಮಾಡಿಸಿದ್ದು ಮರಳು ಮಿಶ್ರಿತ ಗೋಡು. ಪಿಎಚ್, ಅಂದರೆ ಹುಳಿ–ಕ್ಷಾರದ ಅಳತೆ, 6ರಿಂದ 7ರ ನಡುವೆ ಇದ್ದರೆ ಸಾಕು.

ಎರೆ ಮಣ್ಣು ಇರುವವರು ಬೇಜಾರು ಮಾಡಿಕೊಳ್ಳಬೇಡಿ. ಉದ್ದ ತಳಿಯ ಆಸೆ ಬಿಟ್ಟು ಗಿಡ್ಡ, ದಪ್ಪ ತಳಿ ಆರಿಸಿ. ಎಂಟರಿಂದ ಹನ್ನೆರಡು ಇಂಚು ಎತ್ತರದ ಏರುಮಡಿ ಮಾಡಿದರೆ ಇನ್ನೂ ಒಳ್ಳೆಯದು. ಕುಂಡದವರಿಗೂ ಇದೇ ಲೆಕ್ಕ. ಒಂದು ಅಡಿ ಆಳದ ಚೀಲದಲ್ಲಿ 15 ಸೆಂಟಿಮೀಟರ್‌ನ ಕ್ಯಾರೆಟ್ ಆರಾಮಾಗಿ ಬರುತ್ತದೆ. ಆರು ಇಂಚಿನ ಟ್ರೇನಲ್ಲಿ ಬರುವುದಿಲ್ಲ. ನಾನು ಮೊದಲ ಸಲ ಅಂಥದ್ದೇ ಟ್ರೇನಲ್ಲಿ ಉದ್ದದ ತಳಿ ಬಿತ್ತಿದ್ದೆ. ಕಿತ್ತಾಗ ಸಿಕ್ಕಿದ್ದು ಪ್ರಶ್ನಾರ್ಥಕ ಚಿಹ್ನೆಗಳು.

ಎಚ್ಚರಿಕೆ: ಅದೇ ಜಾಗದಲ್ಲಿ ಹಿಂದೆ ಟೊಮ್ಯಾಟೊ, ಬದನೆ ಅಥವಾ ಬೆಂಡೆ ಬೆಳೆದಿದ್ದರೆ ಅದರ ಬೇರು ಕಿತ್ತು ನೋಡಿ. ಬೇರಿನ ತುಂಬ ಮಣಿ ಪೋಣಿಸಿದ ಹಾಗೆ ಗಂಟುಗಳಿದ್ದರೆ ಅದು ಬೇರುಗಂಟು ಜಂತುಹುಳು. ಕಣ್ಣಿಗೆ ಕಾಣದ ಈ ಹುಳು ಇರುವ ಕಡೆ ಯಾವ ತಳಿ ಬಿತ್ತಿದರೂ ಗೆಡ್ಡೆ ಕವಲೊಡೆದು ಗಂಟುಗಂಟಾಗುತ್ತದೆ. ಆ ಜಾಗಕ್ಕೆ ಒಂದು ಸಲ ಚೆಂಡು ಹೂ ಹಾಕಿ, ಕ್ಯಾರೆಟ್ ಬೇರೆ ಕಡೆ ಬಿತ್ತಿ.

3. ಗುಂಪುಗಳ ಪರಿಚಯ ಮಾಡಿಕೊಳ್ಳಿ

ಬೀಜದಂಗಡಿಯಲ್ಲಿ ಹತ್ತಾರು ಹೆಸರು ಕಾಣುತ್ತವೆ. ಹೆದರಬೇಡಿ. ಹೆಚ್ಚಿನವು ನಾಲ್ಕೈದು ಗುಂಪಿಗೆ ಸೇರಿದವು. ಗುಂಪು ಗೊತ್ತಾದರೆ ಹೊಸ ಹೆಸರು ಬಂದರೂ ಅದು ಹೇಗೆ ಬೆಳೆಯಬಹುದು ಎಂದು ಊಹಿಸಬಹುದು.

ಅದಕ್ಕೂ ಮುಂಚೆ ಒಂದು ದೊಡ್ಡ ಭಾಗ. ಕ್ಯಾರೆಟ್‌ಗಳಲ್ಲಿ ಯುರೋಪಿನ ಮೂಲದವು ಮತ್ತು ಏಷ್ಯಾದವು ಎಂದು ಎರಡು ಕುಲ. ನಾವು ಸಾಮಾನ್ಯವಾಗಿ ತಿನ್ನುವ ಕಿತ್ತಳೆ ಬಣ್ಣದ್ದು ಮೊದಲ ಕುಲ. ಚಳಿಗಾಲದಲ್ಲಿ ಬೆಂಗಳೂರಿಗೆ ಬರುವ, ಜನ "ದೆಲ್ಲಿ ಕ್ಯಾರೆಟ್" ಎನ್ನುವ ಉದ್ದನೆಯ ಕೆಂಪು ಗಜ್ಜರಿ ಎರಡನೆಯದು. ಎರಡರ ಸ್ವಭಾವ ಬೇರೆ. ಕಿತ್ತಳೆಯದು ಹೂ ಬಿಡಬೇಕಾದರೆ ಹಲವು ವಾರ 10 ಡಿಗ್ರಿಗಿಂತ ಕಡಿಮೆ ಚಳಿ ಬೇಕು. ಹಾಗಾಗಿ ನಮ್ಮ ಬಯಲುಸೀಮೆಯಲ್ಲಿ ಅದು ಬೀಜ ಕಟ್ಟುವುದಿಲ್ಲ. ಕೆಂಪಿನದಕ್ಕೆ ಅಷ್ಟು ಚಳಿ ಬೇಡ; ಬಯಲಿನಲ್ಲೇ ಹೂ ಬಿಟ್ಟು ಬೀಜ ಕೊಡುತ್ತದೆ, ಸೆಕೆಯನ್ನೂ ಜಾಸ್ತಿ ತಾಳುತ್ತದೆ.

*ನಾಂಟಿಸ್ ಗುಂಪು.* ಫ್ರಾನ್ಸಿನ ಊರೊಂದರ ಹೆಸರು. ಮೇಲಿಂದ ಕೆಳಗೆ ಒಂದೇ ದಪ್ಪ, ತುದಿ ಮೊಂಡು. ನಡುದಿಂಡು, ಅಂದರೆ ಅಡ್ಡ ಕತ್ತರಿಸಿದಾಗ ಮಧ್ಯೆ ಕಾಣುವ ಗಟ್ಟಿ ಭಾಗ, ಸಣ್ಣದು. ತಿರುಳು ಗರಿಗರಿ, ಸಿಹಿ. ಹಸಿಯಾಗಿ ತಿನ್ನಲು, ಕೋಸಂಬರಿಗೆ ಇದಕ್ಕೆ ಸಾಟಿ ಇಲ್ಲ ಎಂಬುದು ನನ್ನ ಅಭಿಪ್ರಾಯ. ಅರ್ಲಿ ನಾಂಟಿಸ್ ಎಲ್ಲ ಕಡೆ ಸಿಗುತ್ತದೆ. ಕುಲು ಕಣಿವೆಯ ಕಟ್ರೈನ್ ಕೇಂದ್ರದಲ್ಲಿ ಬೆಳೆಸಿದ ಪೂಸಾ ಯಮದಗ್ನಿ ಕೂಡ ನಾಂಟಿಸ್ ರಕ್ತದ್ದೇ. ದೋಷ ಎರಡು. ಸೆಕೆ ಆಗುವುದಿಲ್ಲ. ಸೊಪ್ಪು ಬಲವಿಲ್ಲ, ಎಳೆದರೆ ಸೊಪ್ಪು ಕೈಗೆ ಬರುತ್ತದೆ, ಗೆಡ್ಡೆ ಮಣ್ಣಲ್ಲೇ ಉಳಿಯುತ್ತದೆ. ಕೀಳುವ ಮುಂಚೆ ಮಣ್ಣು ಸಡಿಲಿಸಲೇಬೇಕು. ಗೆಡ್ಡೆ ಸೂಕ್ಷ್ಮ, ದೂರದ ಲಾರಿ ಪ್ರಯಾಣದಲ್ಲಿ ಮುರಿಯುವುದು ಜಾಸ್ತಿ.

*ಕುರೋಡಾ ಗುಂಪು.* ಜಪಾನಿನದು. ಮೇಲೆ ಅಗಲ, ಕೆಳಗೆ ಹೋಗ್ತಾ ಸ್ವಲ್ಪ ಸಣ್ಣ, ತುದಿ ಮೊಂಡು. ಬಣ್ಣ ಗಾಢ ಕಿತ್ತಳೆ. ಕಿತ್ತಳೆ ತಳಿಗಳಲ್ಲಿ ಸೆಕೆಯನ್ನು ಚೆನ್ನಾಗಿ ತಾಳುವುದು ಇದು. ಉಷ್ಣ ದೇಶಗಳಲ್ಲಿ ಇದು ಇಷ್ಟು ಹರಡಿರುವುದಕ್ಕೆ ಅದೇ ಕಾರಣ. ಸೊಪ್ಪು ಗಟ್ಟಿ, ಎಲೆರೋಗವನ್ನೂ ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ರುಚಿಯಲ್ಲಿ ನಾಂಟಿಸ್‌ಗಿಂತ ಒಂದು ಮೆಟ್ಟಿಲು ಕೆಳಗೆ ಅನ್ನಬಹುದು. ಆದರೆ ಬೆಳೆಗಾರನಿಗೆ ನಿದ್ದೆ ಬರುವಂತೆ ಮಾಡುವುದು ಇದೇ. ಅಂಗಡಿಯಲ್ಲಿ ಸಿಗುವ ಎಷ್ಟೋ ಹೈಬ್ರಿಡ್‌ಗಳು ಕುರೋಡಾ ಆಕಾರದವೇ. ನ್ಯೂ ಕುರೋಡಾ ಹೈಬ್ರಿಡ್ ಅಲ್ಲ, ಬೆಲೆಯೂ ಕಡಿಮೆ.

*ಶಾಂಟನೆ ಗುಂಪು.* ಇದೂ ಫ್ರಾನ್ಸಿನದೇ. ಗಿಡ್ಡ, ಭುಜ ಅಗಲ. ಭುಜ ಅಂದರೆ ಸೊಪ್ಪಿನ ಬುಡದ ಹತ್ತಿರದ ಗೆಡ್ಡೆಯ ಮೇಲ್ಭಾಗ. ಜೇಡಿ ಮಣ್ಣು, ಗರಸು ಮಣ್ಣು ಇರುವವರು ಇದನ್ನೇ ನೋಡಿ. ನಡುದಿಂಡು ದೊಡ್ಡದು, ಆದರೆ ಅದಕ್ಕೂ ಬಣ್ಣ ಇರುವ ರೆಡ್ ಕೋರ್ ಶಾಂಟನೆ ಸಿಗುತ್ತದೆ. ಸಾಂಬಾರ್, ಪಲ್ಯ, ಜ್ಯೂಸ್‌ಗೆ ಸರಿ.

*ಇಂಪರೇಟರ್ ಗುಂಪು.* ಅಮೆರಿಕದ ಸೂಪರ್ ಮಾರ್ಕೆಟ್‌ನ ಉದ್ದನೆಯ, ಚೂಪು ತುದಿಯ ಕ್ಯಾರೆಟ್. ಒಂದು ಅಡಿಗಿಂತ ಆಳದವರೆಗೆ ಕಲ್ಲಿಲ್ಲದ ಮರಳು ಮಣ್ಣು ಬೇಕು. ನಮ್ಮ ಕೆಂಪು ನೆಲದಲ್ಲಿ ಸುಮ್ನೆ ಕಷ್ಟಪಡಬೇಡಿ.

ಗುಂಡನೆಯ ಪ್ಯಾರಿಸ್ ಮಾರ್ಕೆಟ್ ಥರದವು ಟ್ರೇ, ಸಣ್ಣ ಕುಂಡಕ್ಕೆ, ಮಕ್ಕಳ ಖುಷಿಗೆ. ಮಂಡಿಯಲ್ಲಿ ಅವಕ್ಕೆ ಗಿರಾಕಿ ಇಲ್ಲ.

ಇನ್ನು ನಮ್ಮ ದೇಶದ ಸಂಶೋಧನಾ ಸಂಸ್ಥೆಗಳು ಬಿಟ್ಟ ತಳಿಗಳು. ಇವುಗಳ ಬಗ್ಗೆ ಕೇಳುವವರು ಕಡಿಮೆ, ಕೇಳಬೇಕಾದವರು ಜಾಸ್ತಿ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸೂರಜ್ ಕಿತ್ತಳೆ ಬಣ್ಣದ್ದೇ ಆದರೂ ನಮ್ಮ ಹವೆಯಲ್ಲಿ ಹೂ ಬಿಟ್ಟು ಬೀಜ ಕಟ್ಟುತ್ತದೆ. ಸ್ವಂತ ಬೀಜ ಬೇಕು ಅನ್ನುವವರಿಗೆ ಇದು ದೊಡ್ಡ ಮಾತು. ದೆಹಲಿಯ ಪೂಸಾ ಸಂಸ್ಥೆಯ ಪೂಸಾ ಮೇಘಾಲಿ ಕೂಡ ಬಯಲಿನಲ್ಲಿ ಬೀಜ ಕೊಡುವ ಕಿತ್ತಳೆ ತಳಿ. ಪೂಸಾ ರುಧಿರಾ ಕಡುಕೆಂಪು. ಪೂಸಾ ವೃಷ್ಟಿ ಕೆಂಪು ತಳಿಯೇ, ಸೆಕೆ ಮತ್ತು ತೇವ ಎರಡನ್ನೂ ತಾಳುವಂತೆ ಬೆಳೆಸಿದ್ದು. ಪೂಸಾ ಅಸಿತಾ ಕಪ್ಪು ನೇರಳೆ. ಅದನ್ನು ಸಾಂಬಾರಿಗೆ ಹಾಕಿದರೆ ಇಡೀ ಪಾತ್ರೆ ನೇರಳೆ ಆಗುತ್ತದೆ, ಗೊತ್ತಿರಲಿ. ಬಣ್ಣದ ಗುಟ್ಟು ಇಷ್ಟೇ: ಕಿತ್ತಳೆಗೆ ಬೀಟಾ ಕ್ಯಾರೋಟಿನ್, ಕೆಂಪಿಗೆ ಟೊಮ್ಯಾಟೊದಲ್ಲಿರುವ ಲೈಕೋಪಿನ್, ನೇರಳೆಗೆ ನೀರಲ್ಲಿ ಕರಗುವ ಆಂಥೋಸಯಾನಿನ್.

ಎಚ್ಚರಿಕೆ: "ಊಟಿ ಕ್ಯಾರೆಟ್ ಬೀಜ ಕೊಡಿ" ಎಂದು ಅಂಗಡಿಯಲ್ಲಿ ಕೇಳಬೇಡಿ. ತರಕಾರಿ ಅಂಗಡಿಯ "ಊಟಿ ಕ್ಯಾರೆಟ್" ತಳಿಯ ಹೆಸರಲ್ಲ, ಬೆಟ್ಟದ ಮಾಲು ಎಂಬ ಗುರುತು. ಊಟಿ–1 ಎಂಬ ತಳಿ ನಿಜವಾಗಿಯೂ ಇದೆ. ಆದರೆ ಅದು ನೀಲಗಿರಿಯ ಚಳಿಗೆ ಆರಿಸಿದ್ದು. ಅಂಗಡಿಯ ಕ್ಯಾರೆಟ್‌ನ ಬಣ್ಣ, ಹೊಳಪು ಬಂದಿರುವುದು ಬೆಟ್ಟದ ತಂಪಿನಿಂದ. ಬೀಜ ತಂದರೆ ಚಳಿ ಜೊತೆಗೆ ಬರುವುದಿಲ್ಲ ಅಲ್ವಾ?

4. ತಿನ್ನುವವರು ಯಾರು ಎಂದು ತೀರ್ಮಾನಿಸಿ

ಮನೆಗಾದರೆ ರುಚಿ ಮೊದಲು. ಆಕಾರ ಸ್ವಲ್ಪ ಸೊಟ್ಟಗಾದರೂ ಹೆಚ್ಚಿದ ಮೇಲೆ ಯಾರಿಗೆ ಗೊತ್ತಾಗುತ್ತದೆ? ಆಗಸ್ಟ್‌ನಿಂದ ನವೆಂಬರ್ ಬಿತ್ತನೆಗೆ ನಾಂಟಿಸ್, ಉಳಿದ ತಿಂಗಳಿಗೆ ಕುರೋಡಾ. ಇಷ್ಟರಲ್ಲೇ ಮನೆತೋಟದವರ ಕೆಲಸ ಮುಗಿಯಿತು. ಹಲ್ವಾ ಮಾಡುವ ಮನೆಯಾದರೆ ಒಂದು ಸಾಲು ಕೆಂಪು ಸೇರಿಸಿ. ಬೆಂದಾಗ ಅದರ ಬಣ್ಣ, ಸಿಹಿ ಬೇರೆಯೇ. ಉತ್ತರ ಕರ್ನಾಟಕದ ಗಜ್ಜರಿ ಪಚಡಿಗೂ ಎಳೆಯ ಕೆಂಪು ಗಜ್ಜರಿಯೇ ಚೆಂದ.

ಮನೆತೋಟದಲ್ಲಿ ತಳಿಗಿಂತ ಪ್ರಮಾಣದ ತಪ್ಪು ದೊಡ್ಡದು. 10 ಅಡಿ ಉದ್ದ, 4 ಅಡಿ ಅಗಲದ ಮಡಿಯಲ್ಲಿ ಒಂದು ಅಡಿಗೊಂದರಂತೆ ನಾಲ್ಕು ಸಾಲು. 5 ಸೆಂಟಿಮೀಟರ್‌ಗೊಂದು ಗಿಡ ಉಳಿಸಿದರೆ ಸುಮಾರು 240 ಗಿಡ. ಒಂದಷ್ಟು ಹಾಳಾದರೂ 15 ಕೆಜಿ ಬರಬಹುದು. ಅಷ್ಟನ್ನೂ ಒಂದೇ ವಾರದಲ್ಲಿ ತಿಂದು ಮುಗಿಸುವ ಮನೆ ಯಾವುದು? ಒಂದು ಸಾಲು ಇವತ್ತು, ಮುಂದಿನ ಸಾಲು ಮೂರು ವಾರ ಬಿಟ್ಟು ಬಿತ್ತಿ.

ಮಂಡಿಗೆ ಕಳಿಸುವವರ ಲೆಕ್ಕ ಬೇರೆ. ಅಲ್ಲಿ ರುಚಿ ನೋಡುವವರಿಲ್ಲ. ಒಂದೇ ಅಳತೆ, 15ರಿಂದ 18 ಸೆಂಟಿಮೀಟರ್ ಉದ್ದ, ಮೊಂಡು ತುದಿ, ನಯವಾದ ಮೈ, ಭುಜದಲ್ಲಿ ಹಸಿರಿಲ್ಲದಿರುವುದು, ಇಷ್ಟು ಬೇಕು. ಚೂಪು ತುದಿಯ ತಳಿಗಳು ತೊಳೆಯುವ ಯಂತ್ರದಲ್ಲೂ ಮೂಟೆಯಲ್ಲೂ ತುದಿ ಮುರಿದುಕೊಳ್ಳುತ್ತವೆ. ಮುರಿದ ಕಡೆಯಿಂದಲೇ ಕೊಳೆಯಲು ಶುರು. ನನ್ನನ್ನು ಕೇಳಿದರೆ ಮೊದಲ ಸಲ ಮಾರಲು ಬೆಳೆಯುವವರು ಕುರೋಡಾ ಆಕಾರದ ತಳಿ ಬಿಟ್ಟು ಬೇರೆ ಕಡೆ ನೋಡುವುದು ಬೇಡ. ಒಳ್ಳೆ ಬೆಳೆಯಲ್ಲಿ ಎಕರೆಗೆ 8ರಿಂದ 10 ಟನ್ ಬರುತ್ತದೆ. ಅದರಲ್ಲಿ ಕಾಲು ಭಾಗ ಕವಲೊಡೆದೋ ಸೀಳಿಯೋ ಹೋದರೆ ಆ ಸಲದ ಲಾಭವೇ ಹೋದ ಹಾಗೆ.

ಸೊಪ್ಪಿನ ಸಮೇತ ಕಟ್ಟು ಕಟ್ಟಿ ಅಪಾರ್ಟ್‌ಮೆಂಟ್‌ಗೋ ಸಂತೆಗೋ ನೇರವಾಗಿ ಮಾರುವವರು ಮೂರನೇ ಗುಂಪು. ಇವರಿಗೆ ನಾಂಟಿಸ್ ಲಾಯಕ್ಕು. ದೂರದ ಪ್ರಯಾಣ ಇಲ್ಲ, ಒಂದು ಸಲ ತಿಂದವರು ಮತ್ತೆ ಹುಡುಕಿಕೊಂಡು ಬರುತ್ತಾರೆ. ಕೆಂಪು, ನೇರಳೆ ಸೇರಿಸಿ ಬಣ್ಣದ ಕಟ್ಟು ಮಾಡಿದರೆ ನಾಲ್ಕು ಜನ ನಿಂತು ನೋಡುತ್ತಾರೆ. ಆದರೆ ಗಿರಾಕಿಯನ್ನು ಮೊದಲೇ ಕೇಳಿಕೊಂಡು ಬಿತ್ತಿ. ಕಪ್ಪು ಕ್ಯಾರೆಟ್‌ನ ಫೋಟೋ ತೆಗೆದುಕೊಳ್ಳುವವರು ಬಹಳ ಜನ, ಕೊಳ್ಳುವವರು ಕೆಲವರೇ.

5. ಬೀಜದ ಪ್ಯಾಕೆಟ್ ಓದುವುದು

ಮೊದಲು ಎಫ್‌1 ಎಂದು ಬರೆದಿದೆಯೇ ನೋಡಿ. ಎರಡು ಬೇರೆ ಬೇರೆ ತಾಯಿ–ತಂದೆ ಸಾಲುಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆ ಅದು, ಅಂದರೆ ಹೈಬ್ರಿಡ್. ಗೆಡ್ಡೆಗಳು ಅಚ್ಚಿನಲ್ಲಿ ತೆಗೆದಂತೆ ಒಂದೇ ಥರ ಬರುತ್ತವೆ. ಬೆಲೆ ಜಾಸ್ತಿ, ಅದರಿಂದ ಬೀಜ ತೆಗೆದರೆ ಮುಂದಿನ ಸಲ ಚೆಲ್ಲಾಪಿಲ್ಲಿ. ಎಫ್‌1 ಅಲ್ಲದ್ದು ಸುಧಾರಿತ ತಳಿ. ಅಗ್ಗ, ಸ್ವಲ್ಪ ಏರುಪೇರು ಇರುತ್ತದೆ. ಮನೆಗೆ ಹೈಬ್ರಿಡ್ ಬೇಕೇ ಬೇಕು ಎಂದೇನಿಲ್ಲ. ಮಂಡಿಗೆ, ಕೂಲಿ ಕೊಟ್ಟು ವಿಂಗಡಿಸುವ ಖರ್ಚು ಉಳಿಯುವುದರಿಂದ, ಎಷ್ಟೋ ಸಲ ಹೈಬ್ರಿಡ್ ಬೆಲೆ ಗಿಟ್ಟುತ್ತದೆ.

ಎರಡನೆಯದು ತಾರೀಕು. ಕ್ಯಾರೆಟ್ ಬೀಜ ಹೆಚ್ಚು ವರ್ಷ ಬಾಳುವುದಿಲ್ಲ, ಎರಡು ಮೂರು ವರ್ಷಕ್ಕೆ ಸೋಲುತ್ತದೆ. ಅಂಗಡಿಯ ಬಿಸಿಲಲ್ಲಿ ನೇತಾಡುವ ಪ್ಯಾಕೆಟ್ ಇನ್ನೂ ಬೇಗ. ಮೂರನೆಯದು ಮೊಳಕೆಯ ಶೇಕಡಾವಾರು. ಪ್ರಮಾಣಿತ ಕ್ಯಾರೆಟ್ ಬೀಜಕ್ಕೆ ನಮ್ಮ ದೇಶದಲ್ಲಿ ಕನಿಷ್ಠ ಮಿತಿಯೇ ಶೇ. 60. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಇರುತ್ತದೆ. ಬೇರೆ ತರಕಾರಿಯಂತೆ ಹಾಕಿದ್ದೆಲ್ಲ ಮೊಳೆಯುತ್ತದೆ ಎಂದುಕೊಂಡರೆ ಸಾಲು ತುಂಬ ಖಾಲಿ ಜಾಗ.

ಮನೆಯಲ್ಲೇ ಪರೀಕ್ಷೆ ಮಾಡಿ. 50 ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಹರಡಿ, ಮುಚ್ಚಳದ ಡಬ್ಬಿಯಲ್ಲಿ ಇಡಿ. ದಿನಾ ತೇವ ನೋಡಿ. ಎರಡು ವಾರ ಕಾಯಿರಿ, ಕ್ಯಾರೆಟ್ ನಿಧಾನ. 35 ಮೊಳೆತರೆ ಶೇ. 70, ಚೆನ್ನಾಗಿದೆ. 25ಕ್ಕಿಂತ ಕಡಿಮೆಯಾದರೆ ಹೊಸ ಬೀಜ ತನ್ನಿ, ದಟ್ಟವಾಗಿ ಬಿತ್ತಿ ಸರಿದೂಗಿಸುವ ಯೋಚನೆ ಬೇಡ.

ಒಂದು ಗ್ರಾಂನಲ್ಲಿ ಸುಮಾರು 800 ಬೀಜ ಇರುತ್ತವೆ. ಮೇಲೆ ಹೇಳಿದ 40 ಚದರ ಅಡಿಯ ಮಡಿಗೆ ಒಂದರಿಂದ ಎರಡು ಗ್ರಾಂ ಸಾಕು. ಸುಧಾರಿತ ತಳಿಯಾದರೆ ಎಕರೆಗೆ ಎರಡರಿಂದ ಎರಡೂವರೆ ಕೆಜಿ. ಗುಲಾಬಿ, ನೀಲಿ ಬಣ್ಣ ಹಚ್ಚಿದ ಬೀಜ ಔಷಧಿ ಲೇಪಿಸಿದ್ದು. ಅದನ್ನು ಬರಿಗೈಯಲ್ಲಿ ಉಜ್ಜಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ.

6. ಒಂದೇ ತಳಿಗೆ ಇಡೀ ಹೊಲ ಕೊಡಬೇಡಿ

ಎಷ್ಟು ಓದಿದರೂ ನಿಮ್ಮ ನೆಲದ ಉತ್ತರ ನಿಮ್ಮ ನೆಲವೇ ಕೊಡಬೇಕು. ಎರಡು ಅಥವಾ ಮೂರು ತಳಿ ಆರಿಸಿ. ಒಂದೇ ದಿನ, ಒಂದೇ ಮಡಿಯಲ್ಲಿ, ಅಕ್ಕಪಕ್ಕದ ಸಾಲುಗಳಲ್ಲಿ ಬಿತ್ತಿ. ಮನೆಯವರಿಗೆ ತಲಾ ಒಂದು ಸಾಲು ಸಾಕು, ಮಾರುವವರು ತಲಾ ಒಂದು ಗುಂಟೆ ಇಡಿ. ಗೂಟಕ್ಕೆ ಹೆಸರು ಬರೆದು ನೆಡಿ. ಮಾರ್ಕರ್ ಶಾಯಿ ಬಿಸಿಲಿಗೆ ಅಳಿಸುತ್ತದೆ, ಹಾಗಾಗಿ ನೋಟ್‌ಬುಕ್‌ನಲ್ಲೂ ನಕ್ಷೆ ಬರೆದಿಡಿ. ತಿಂಗಳಾದ ಮೇಲೆ ಯಾವುದು ಯಾವ ತಳಿ ಎಂದು ತಲೆ ಕೆರೆದುಕೊಂಡವರನ್ನು ಬಹಳ ನೋಡಿದ್ದೇನೆ, ಆ ಸಾಲಲ್ಲಿ ನಾನೂ ಇದ್ದೇನೆ.

75ನೇ ದಿನ, 90ನೇ ದಿನ, 105ನೇ ದಿನ ಪ್ರತಿ ತಳಿಯಿಂದ ಹತ್ತು ಗೆಡ್ಡೆ ಕೀಳಿ. ಆರಿಸಿ ಕೀಳಬೇಡಿ, ಸಾಲಾಗಿ ಸಿಕ್ಕ ಹತ್ತು. ತೂಕ ಬರೆಯಿರಿ. ಎಷ್ಟು ನೆಟ್ಟಗಿವೆ, ಎಷ್ಟು ಕವಲೊಡೆದಿವೆ ಎಣಿಸಿ. ಎರಡನ್ನು ಅಡ್ಡ ಕತ್ತರಿಸಿ ನಡುದಿಂಡು ಎಷ್ಟು ಅಗಲ ನೋಡಿ. ಮನೆಯವರಿಗೆ ಹೆಸರು ಹೇಳದೆ ಹಸಿಯಾಗಿ ತಿನ್ನಲು ಕೊಡಿ.

ಮಾರುವವರು ಇನ್ನೊಂದು ನೋಡಲೇಬೇಕು. ಪ್ರತಿ ತಳಿಯ ಹತ್ತಿಪ್ಪತ್ತು ಗಿಡ ಕೀಳದೆ ಇನ್ನೂ ಎರಡು ವಾರ ಬಿಡಿ. ಕೆಲವು ತಳಿ ಹಾಗೇ ಇರುತ್ತವೆ, ಕೆಲವು ದಪ್ಪವಾಗಿ ಉದ್ದಕ್ಕೆ ಸೀಳುತ್ತವೆ. ಮಂಡಿಯಲ್ಲಿ ರೇಟು ಬಿದ್ದಾಗ ಹತ್ತು ದಿನ ಹೊಲದಲ್ಲೇ ತಡೆದು ನಿಲ್ಲುವ ತಳಿ ನಿಮ್ಮ ಕೈ ಬಿಡುವುದಿಲ್ಲ. ಈ ಗುಣ ಯಾವ ಪ್ಯಾಕೆಟ್ ಮೇಲೂ ಬರೆದಿರುವುದಿಲ್ಲ.

7. ತಳಿಯ ತಪ್ಪಲ್ಲದ ತಪ್ಪುಗಳು

"ಬೀಜ ಕೆಟ್ಟದು ಕೊಟ್ಟರು" ಎನ್ನುವ ದೂರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೀಜದ್ದಲ್ಲ ಎಂದು ನನಗೆ ಅನ್ನಿಸುತ್ತದೆ. ತಳಿ ಬದಲಾಯಿಸುವ ಮುಂಚೆ ಇವನ್ನು ನೋಡಿ.

ಗೆಡ್ಡೆ ಎರಡು ಮೂರು ಕಾಲು ಬಿಟ್ಟಿದೆಯೇ? ಹೆಂಟೆ, ಕಲ್ಲು, ಇಲ್ಲವೇ ಹಸಿ ಸಗಣಿ ಗೊಬ್ಬರ. ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಮಾತ್ರ, ಅದೂ ಬಿತ್ತುವುದಕ್ಕೆ ಮೂರು ವಾರ ಮುಂಚೆ. ಸಸಿ ಮಾಡಿ ಕಿತ್ತು ನೆಟ್ಟರೂ ಹೀಗೇ ಆಗುತ್ತದೆ. ಕ್ಯಾರೆಟ್ ಬೀಜವನ್ನು ಬೆಳೆಯುವ ಜಾಗದಲ್ಲೇ ಬಿತ್ತಬೇಕು. ಟೊಮ್ಯಾಟೊ ಥರ ನಾಟಿ ಮಾಡುವ ಬೆಳೆ ಅಲ್ಲ.

ಸೊಪ್ಪು ಸೊಂಪಾಗಿ ಬಂದು ಗೆಡ್ಡೆ ಬೆರಳಿನಷ್ಟೇ ಇದೆಯೇ? ಯೂರಿಯಾ ಜಾಸ್ತಿಯಾಗಿದೆ, ಅಥವಾ ಸಸಿ ತೆಳು ಮಾಡಿಲ್ಲ. ಬಿತ್ತಿ ಮೂರು–ನಾಲ್ಕು ವಾರಕ್ಕೆ ಹೆಚ್ಚಿನ ಸಸಿ ಕೀಳಲೇಬೇಕು. ನಾಂಟಿಸ್‌ಗೆ 5 ಸೆಂಟಿಮೀಟರ್, ಕುರೋಡಾ, ಶಾಂಟನೆಗೆ 7–8 ಸೆಂಟಿಮೀಟರ್ ಅಂತರ. ಕೀಳಲು ಮನಸ್ಸು ಬರುವುದಿಲ್ಲ ನಿಜ. ಕೀಳದಿದ್ದರೆ ಒಂದೂ ದಪ್ಪ ಆಗುವುದಿಲ್ಲ.

ಗೆಡ್ಡೆ ಸೀಳಿದ್ದರೆ ನೀರಿನ ಏರುಪೇರು. ಒಂದು ವಾರ ಒಣಗಿಸಿ ಆಮೇಲೆ ತುಂಬಿಸಿದ್ದು. ಬೋರಾನ್ ಎಂಬ ಸೂಕ್ಷ್ಮ ಪೋಷಕಾಂಶ ಕಡಿಮೆಯಾದರೂ ಸೀಳುತ್ತದೆ, ಮಣ್ಣು ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಭುಜ ಹಸಿರಾಗಿ ಕಹಿಯಾದರೆ ಬಿಸಿಲು ತಗುಲಿದೆ. ಕಳೆ ತೆಗೆಯುವಾಗ ಬುಡಕ್ಕೆ ಮಣ್ಣು ಏರಿಸಿ. ನಡುವಿನಿಂದ ಹೂದಂಟು ಎದ್ದರೆ ಗೆಡ್ಡೆ ನಾರಾಗಿ ಹೋಯಿತೆಂದೇ ಲೆಕ್ಕ. ಕೆಂಪು ಗಜ್ಜರಿಯನ್ನು ಚಳಿ ಬಿದ್ದ ಮೇಲೆ ತಡವಾಗಿ ಬಿತ್ತಿದರೆ ಇದು ಜಾಸ್ತಿ. ಇದೊಂದರಲ್ಲಿ ತಳಿ ಮತ್ತು ತಾರೀಕು ಎರಡಕ್ಕೂ ಪಾಲಿದೆ.

ಮೊಳಕೆಯೇ ಬರಲಿಲ್ಲ ಅನ್ನುವವರು ಹೆಚ್ಚಾಗಿ ಬೀಜವನ್ನು ಆಳಕ್ಕೆ ಹಾಕಿರುತ್ತಾರೆ. ಒಂದು ಸೆಂಟಿಮೀಟರ್, ಅದಕ್ಕಿಂತ ಕೆಳಗೆ ಬೇಡ. ಒಣ ಮರಳಿನ ಜೊತೆ ಬೆರೆಸಿ ಸಾಲಲ್ಲಿ ಉದುರಿಸಿ, ಮೇಲೆ ತೆಳುವಾಗಿ ಗೊಬ್ಬರದ ಪುಡಿ, ಅದರ ಮೇಲೆ ಒದ್ದೆ ಗೋಣಿ ತಾಟು. ಆರನೇ ದಿನದಿಂದ ದಿನಾ ಬೆಳಿಗ್ಗೆ ಎತ್ತಿ ನೋಡಿ, ಮೊದಲ ಮೊಳಕೆ ಕಂಡ ದಿನವೇ ತಾಟು ತೆಗೆದುಬಿಡಿ. ಒಂದು ದಿನ ತಡವಾದರೂ ಸಸಿ ಬಿಳಚಿಕೊಂಡು ಮಲಗುತ್ತದೆ. ಸಾಲಿನಲ್ಲಿ ಅಲ್ಲಲ್ಲಿ ನಾಲ್ಕು ಮೂಲಂಗಿ ಬೀಜ ಸೇರಿಸಿದರೆ ಅವು ನಾಲ್ಕೇ ದಿನಕ್ಕೆ ಎದ್ದು ಸಾಲು ಎಲ್ಲಿದೆ ಎಂದು ತೋರಿಸುತ್ತವೆ.

8. ಸ್ವಂತ ಬೀಜ ಬೇಕೆನ್ನುವವರಿಗೆ

ನಾಂಟಿಸ್, ಕುರೋಡಾದಿಂದ ಬಯಲಿನಲ್ಲಿ ಬೀಜ ತೆಗೆಯುವ ಪ್ರಯತ್ನ ಬೇಡ. ಅರ್ಕಾ ಸೂರಜ್, ಪೂಸಾ ಮೇಘಾಲಿ ಅಥವಾ ಕೆಂಪು ತಳಿ ಹಿಡಿಯಿರಿ. ತಾನಾಗಿಯೇ ಎಲ್ಲಕ್ಕಿಂತ ಮೊದಲು ಹೂವಿಗೆ ಬಂದ ಗಿಡದ ಬೀಜ ಇಡಬೇಡಿ. ಅದರ ಮಕ್ಕಳೂ ಗೆಡ್ಡೆ ಬಿಡದೆ ಹೂವಿಗೆ ಓಡುತ್ತವೆ. ಪೂರ್ತಿ ಬೆಳೆದ ಗೆಡ್ಡೆ ಕಿತ್ತು, ನೆಟ್ಟಗಿರುವ, ಬಣ್ಣ ಚೆನ್ನಾಗಿರುವವನ್ನು ಆರಿಸಿ. ತುದಿಯ ಮೂರನೇ ಒಂದು ಭಾಗ ಕತ್ತರಿಸಿ ನಡುದಿಂಡು ನೋಡಿ. ಸಣ್ಣ ದಿಂಡಿನವನ್ನು ಮಾತ್ರ, ಸೊಪ್ಪನ್ನು ನಾಲ್ಕು ಇಂಚಿಗೆ ಕತ್ತರಿಸಿ, ಮತ್ತೆ ನೆಡಿ. ಒಂದೆರಡು ಗಿಡ ಸಾಲದು, ಇಪ್ಪತ್ತಾದರೂ ಇರಲಿ.

ಜೇನು, ನೊಣಗಳು ಹೂವಿಂದ ಹೂವಿಗೆ ಪರಾಗ ಸಾಗಿಸುವುದರಿಂದ ಹತ್ತಿರದಲ್ಲಿ ಬೇರೆ ತಳಿ ಹೂ ಬಿಟ್ಟಿದ್ದರೆ ಬೀಜ ಬೆರಕೆಯಾಗುತ್ತದೆ. ಒಂದು ಕಿಲೋಮೀಟರ್ ಅಂತರ ಇದ್ದರೆ ನೆಮ್ಮದಿ. ಕೊಡೆಯಂಥ ಹೂಗೊಂಚಲು ಕಂದು ಬಣ್ಣಕ್ಕೆ ತಿರುಗಿ ಒಳಗೆ ಮಡಚಿಕೊಂಡಾಗ ಒಂದೊಂದಾಗಿ ಕತ್ತರಿಸಿ ನೆರಳಲ್ಲಿ ಒಣಗಿಸಿ. ಮನೆಯ ಬೀಜದ ಮೈಮೇಲೆ ಸಣ್ಣ ಮುಳ್ಳುಕೂದಲು ಇರುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಗೈಯಲ್ಲಿ ಉಜ್ಜಿ ಕೇರಿ ತೆಗೆಯಿರಿ. ಆಮೇಲೆ ಗಾಜಿನ ಶೀಶೆಗೆ ಹಾಕಿ, ತಳಿಯ ಹೆಸರು, ತಿಂಗಳು, ವರ್ಷ ಬರೆದ ಚೀಟಿಯನ್ನು ಶೀಶೆಯ ಒಳಗೇ ಇಡಿ. ಹೊರಗೆ ಅಂಟಿಸಿದ ಚೀಟಿ ಫ್ರಿಜ್ಜಿನ ತೇವಕ್ಕೆ ಕಿತ್ತು ಬರುತ್ತದೆ.